ಪದವಿನ ಬಾವಿಗೆ ಬಿದ್ದ ವಿಷ

2000ನೇ ಇಸವಿಯ ಕೊನೆಗೆ ಕಾಸರಗೋಡಿನ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನ ಸದ್ದು ನಿಂತಿತು. ಇಪ್ಪತ್ತು ವರ್ಷಕ್ಕೂ ಮಿಕ್ಕಿ, ವರ್ಷಕ್ಕೆ ಎರಡು ಮೂರು ಸಲ, ಗೇರು ಚಿಗುರುವಾಗ, ಹೂ ಬಿಡುವಾಗ, ಕಾಯಿ ಕಚ್ಚುವಾಗ ತಪ್ಪದೆ ಕೇಳಿಬರುತ್ತಿದ್ದ ಸದ್ದು ಅದು. ಪಡ್ರೆ, ಎಣ್ಮಕಜೆ, ಬೆಳ್ಳೂರು, ಮುಳಿಯಾರು ಕಡೆಯ ಜನ ಅಂತೂ ಮುಗಿಯಿತು ಎಂದುಕೊಂಡರು. ಮುಗಿದದ್ದು ಸಿಂಪಡಣೆ ಮಾತ್ರ. ಗೋದಾಮುಗಳಲ್ಲಿ ಎಂಡೋಸಲ್ಫಾನ್ ತುಂಬಿದ ಡ್ರಮ್ಮುಗಳು ಹಾಗೇ ಉಳಿದಿದ್ದವು. ಬಳಸುವ ಹಾಗಿಲ್ಲ, ಇಟ್ಟುಕೊಳ್ಳಲು ಭಯ, ಕೊಂಡುಹೋಗಿ ಸುಡುವ ಏರ್ಪಾಡು ಇಲ್ಲ.

ಆ ಉಳಿಕೆಯ ಒಂದು ಪಾಲು ಮಿಂಚಿಪದವಿನ ಹಾಳುಬಾವಿಗೆ ಹೋಯಿತು, ಮೇಲೆ ಮಣ್ಣು ಮುಚ್ಚಿದರು ಎಂಬುದು ತೋಟದಲ್ಲಿ ದುಡಿದವರ ಬಾಯಿಂದ ಹೊರಬಿದ್ದ ಮಾತು. ಮೊದಲು ಊರಲ್ಲಿ ಗುಸುಗುಸು, ಆಮೇಲೆ ಪತ್ರಿಕೆಗಳಲ್ಲಿ ಸುದ್ದಿ, ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಅರ್ಜಿ. ಮಿಂಚಿಪದವು ಇರುವುದು ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟದೊಳಗೆ, ಪುತ್ತೂರು ತಾಲೂಕಿನ ನೆಟ್ಟಣಿಗೆ ಮುಡ್ನೂರಿನ ಗಡಿಯಲ್ಲಿ. ಗಡಿಯ ಎರಡೂ ಕಡೆ ಜನರ ಮಾತು ಒಂದೇ, ಬೇಸಾಯ ಒಂದೇ. ಮೇಲೆ ಪದವು ಎನ್ನುವ ಗುಡ್ಡದ ಬಯಲು, ಇಳಿಜಾರಿನಲ್ಲಿ ಗೇರು, ಕೆಳಗೆ ಅಡಿಕೆ ತೋಟ, ತೋಟದ ಅಂಚಿಗೆ ತೋಡು.

ಈ ಒಂದು ಬಾವಿಯ ಕತೆಯನ್ನು ಅರಂತೋಡಿನಂಥ ಊರಿನವರು ಯಾಕೆ ಕೇಳಬೇಕು? ಸುಳ್ಯದಿಂದ ಸಂಪಾಜೆ ಕಡೆಗೆ ಹೋಗುವ ಮಾಣಿ–ಮೈಸೂರು ಹೆದ್ದಾರಿಯ ಮೇಲಿನ ಅರಂತೋಡಿಗೆ ಆ ಬಾವಿಯ ನೀರು ಹತ್ತಿ ಬರುವುದಿಲ್ಲ. ಆದರೆ ಅರಂತೋಡಿನಲ್ಲೂ ಮನೆಮನೆಗೆ ಬಾವಿ ಇದೆ, ತೋಟತೋಟಕ್ಕೆ ಬೋರ್‌ವೆಲ್ ಇದೆ, ಅಡಿಕೆಗೆ ಮದ್ದು ಬಿಡುವ ಪಂಪು ಇದೆ. ಊರನ್ನು ಹಾದು ಹೋಗುವ ಪಯಸ್ವಿನಿ ಸುಳ್ಯ, ಜಾಲ್ಸೂರು ದಾಟಿ ಕೇರಳಕ್ಕೆ ಇಳಿದು, ಚಂದ್ರಗಿರಿ ಎಂದು ಹೆಸರು ಪಡೆದು ಕಾಸರಗೋಡಿನ ಕಡಲು ಸೇರುತ್ತದೆ. ಇಲ್ಲಿ ನೀರಿಗೆ ಏನು ಬಿದ್ದರೂ ಅದು ಇನ್ನೊಂದು ರಾಜ್ಯದವರ ಬಾಯಿಗೆ ಹೋಗುತ್ತದೆ, ಅಲ್ಲಿ ಪದವಿನಲ್ಲಿ ಏನು ಹೂತರೂ ಇಲ್ಲಿಯವರು ಕೇಳಬೇಕಾಗುತ್ತದೆ. ಮಿಂಚಿಪದವಿನ ಬಾವಿ ಆ ಅರ್ಥದಲ್ಲಿ ಇಡೀ ಸೀಮೆಯ ಬಾವಿ.

ಗೇರು ಈ ಗುಡ್ಡಗಳನ್ನು ಹತ್ತಿದ್ದು 1960ರ ದಶಕದಲ್ಲಿ. ಕೇರಳದ ಕೃಷಿ ಇಲಾಖೆ 1963–64ರಲ್ಲಿ ನೆಡಲು ತೊಡಗಿದ ತೋಟಗಳು 1978ರಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಕೈಗೆ ಬಂದವು. ಕಾಸರಗೋಡು ಜಿಲ್ಲೆಯಲ್ಲಿ ಅದರ ವಿಸ್ತಾರ ಸುಮಾರು 4,600 ಹೆಕ್ಟೇರ್. ಅದೇ 1978ರಲ್ಲಿ ಗಡಿಯ ಈಚೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಹುಟ್ಟಿತು. ಎರಡೂ ಕಡೆ ಶತ್ರು ಒಂದೇ, ಟೀ ಸೊಳ್ಳೆ. ಹೆಸರು ಸೊಳ್ಳೆ ಎಂದಿದ್ದರೂ ಅದೊಂದು ತಿಗಣೆ ಜಾತಿಯ ಕೀಟ. ಎಳೆ ಚಿಗುರಿಗೆ, ಹೂಗೊಂಚಲಿಗೆ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತದೆ. ಚುಚ್ಚಿದಲ್ಲಿ ಕಂದು ಕಲೆ, ನಾಲ್ಕು ದಿನದಲ್ಲಿ ಇಡೀ ಗೊಂಚಲು ಕರಟಿದ ಹಾಗೆ ಕಪ್ಪಾಗಿ ನೇತಾಡುತ್ತದೆ. ಒಂದು ಗೊಂಚಲು ಹೋದರೆ ಒಂದು ಹಿಡಿ ಬೀಜ ಹೋದ ಹಾಗೆ. ಗೇರಿಗೆಂದೇ ಒಂದು ರಾಷ್ಟ್ರೀಯ ಸಂಶೋಧನಾ ಕೇಂದ್ರ 1986ರಲ್ಲಿ ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ನೆಲೆಯಾದದ್ದು ಈ ಬೆಳೆಗೆ ಈ ಸೀಮೆಯಲ್ಲಿರುವ ತೂಕವನ್ನು ಹೇಳುತ್ತದೆ.

ಕೀಟಕ್ಕೆ ಕೊಟ್ಟ ಉತ್ತರ ಎಂಡೋಸಲ್ಫಾನ್. ಜರ್ಮನಿಯ ಹೆಕ್ಸ್ಟ್ ಕಂಪನಿ 1950ರ ದಶಕದಲ್ಲಿ ಥಯೋಡಾನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ರಾಸಾಯನಿಕ ಅದು. ಆಲ್ಡ್ರಿನ್, ಡೈಎಲ್ಡ್ರಿನ್, ಎಂಡ್ರಿನ್ ಎಂಬ ಕ್ಲೋರಿನ್ ತುಂಬಿದ ಕೀಟನಾಶಕಗಳ ಬಳಗದ್ದು. ಕಾಸರಗೋಡಿನ ಗುಡ್ಡಗಳ ಮೇಲೆ 1970ರ ದಶಕದ ಕೊನೆಯಿಂದ ಅದನ್ನು ಆಕಾಶದಿಂದ ಬಿಟ್ಟರು. ಗೇರುಮರದ ನೆತ್ತಿಯಿಂದ ಎರಡು ಮೂರು ಮೀಟರಿಗಿಂತ ಮೇಲೆ ಹಾರಬಾರದು, ಕೆಳಗಿನ ನೀರಿನ ಆಶ್ರಯಗಳನ್ನು ಮುಚ್ಚಬೇಕು ಎಂಬುದು ಕಾಗದದ ಮೇಲಿನ ನಿಯಮ. ಏಳುಬೀಳಿನ ಗುಡ್ಡದಲ್ಲಿ ಯಾವ ಪೈಲಟ್ ಅಷ್ಟು ಕೆಳಗೆ ಹಾರುತ್ತಾನೆ? ಸಾವಿರಾರು ಬಾವಿ, ಸುರಂಗ, ತೋಡುಗಳನ್ನು ಯಾರು ಮುಚ್ಚುತ್ತಾರೆ? ಆ ನಿಯಮ ಬರೆದವರು ಈ ಗುಡ್ಡಗಳನ್ನು ಹತ್ತಿ ನೋಡಿರಲಿಕ್ಕಿಲ್ಲ.

ಕರುಗಳು ಅಂಗವಿಕಲವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ 80ರ ದಶಕದ ಆರಂಭದಲ್ಲೇ ಬರೆದರು. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಮನೆಗಳ ಕಾಯಿಲೆಗಳಲ್ಲಿ ಒಂದು ವಿಚಿತ್ರ ದಟ್ಟಣೆಯನ್ನು ಗುರುತಿಸಿದರು. ಬುದ್ಧಿಮಾಂದ್ಯ, ಅಪಸ್ಮಾರ, ಕೈಕಾಲು ಬೆಳೆಯದ ಮಕ್ಕಳು, ಒಂದೇ ತೋಡಿನ ಬದಿಯ ಮನೆಗಳಲ್ಲಿ. ಪೆರಿಯದ ಕೃಷಿ ಸಹಾಯಕಿ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಲೇರಿದರು. ಸರಕಾರದ್ದೇ ಇಲಾಖೆಯಲ್ಲಿ ಕೆಲಸ ಮಾಡುತ್ತಾ ಸರಕಾರದ್ದೇ ನಿಗಮದ ವಿರುದ್ಧ ದಾವೆ ಹೂಡುವ ಎದೆಗಾರಿಕೆ ಅದು. ಆ ದಾವೆಯೇ 2000ರಲ್ಲಿ ಹೆಲಿಕಾಪ್ಟರನ್ನು ನೆಲಕ್ಕಿಳಿಸಿತು. ಮರುವರ್ಷ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ಮಣ್ಣು, ರಕ್ತ, ತಾಯಿಹಾಲಿನ ಮಾದರಿಗಳಲ್ಲಿ ಎಂಡೋಸಲ್ಫಾನ್ ಕಂಡದ್ದನ್ನು ಪ್ರಕಟಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯೂ ಬಂದು ಅಧ್ಯಯನ ಮಾಡಿತು. ಗಡಿಯ ಈಚೆ ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿ ಗೇರು ನಿಗಮದ ಸಿಂಪಡಣೆಯ ಗಾಯಗಳು ಹೊರಬರಲು ಇನ್ನೂ ಹಲವು ವರ್ಷ ಬೇಕಾಯಿತು. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಇವತ್ತಿಗೂ ಎಂಡೋಪೀಡಿತರ ಮನೆಗಳಿವೆ. ಕೊಕ್ಕಡದಲ್ಲಿ, ಕಡಬದ ಕೊಯಿಲದಲ್ಲಿ ಪಾಲನಾ ಕೇಂದ್ರಗಳು ನಡೆಯುತ್ತಿವೆ.

ಕರ್ನಾಟಕ 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು. ಏಪ್ರಿಲ್ ಕೊನೆಗೆ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಂ ಒಪ್ಪಂದದ ಸಭೆ ಅದನ್ನು ಜಗತ್ತಿನಿಂದಲೇ ತೆಗೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಹಿಡಿಯಿತು. 2017ರ ಜನವರಿ 10ರಂದು ಅದೇ ನ್ಯಾಯಾಲಯ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಈ ಚರಿತ್ರೆಯನ್ನು ಬಹಳ ಮಂದಿ ಬರೆದಿದ್ದಾರೆ. ಉಳಿದ ಡ್ರಮ್ಮುಗಳ ಚರಿತ್ರೆಯನ್ನು ಬರೆದವರು ಕಡಿಮೆ.

ಗೋದಾಮಿನಲ್ಲಿ ಉಳಿದ ವಿಷ ಸುಮ್ಮನೆ ಕೂರುವುದಿಲ್ಲ. ಪೆರಿಯ, ರಾಜಪುರ, ಚೀಮೇನಿಗಳ ಗೋದಾಮುಗಳಲ್ಲಿದ್ದ ಕಬ್ಬಿಣದ ಬ್ಯಾರಲ್ಲುಗಳಿಗೆ ಹತ್ತು ಮಳೆಗಾಲದಲ್ಲಿ ತುಕ್ಕು ಹಿಡಿಯಿತು, ಸೋರಲು ತೊಡಗಿತು. 2012ರ ಜೂನಿನಲ್ಲಿ ‘ಆಪರೇಶನ್ ಬ್ಲಾಸಮ್ ಸ್ಪ್ರಿಂಗ್’ ಎಂಬ ಹೆಸರಿಟ್ಟು, ಮುಖಗವಸು, ರಕ್ಷಣಾ ಉಡುಪು ತೊಟ್ಟ ತಂಡವೊಂದು ಹಳೆಯ ಬ್ಯಾರಲ್ಲುಗಳಿಂದ ಸಾವಿರ ಲೀಟರಿಗೂ ಮಿಕ್ಕಿದ ದ್ರವವನ್ನು ಗಟ್ಟಿ ಪ್ಲಾಸ್ಟಿಕ್ಕಿನ ಹೊಸ ಡ್ರಮ್ಮುಗಳಿಗೆ ವರ್ಗಾಯಿಸಿತು. ಕೇವಲ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸಲು ಅಷ್ಟು ಎಚ್ಚರ, ಅಷ್ಟು ಜನ, ಅಷ್ಟು ಸಿದ್ಧತೆ. ಅದೇ ವಿಷವನ್ನು ಹನ್ನೆರಡು ವರ್ಷ ಮೊದಲು ಬಾವಿಗೆ ಇಳಿಸಿದ್ದು ನಿಜವಾದರೆ, ಇಳಿಸಿದ ಕೂಲಿಯಾಳುಗಳ ಕೈಯಲ್ಲಿ ಒಂದು ಗ್ಲೌಸಾದರೂ ಇದ್ದಿರಬಹುದೇ ಎಂಬ ಪ್ರಶ್ನೆ ಬಾರದೆ ಇರುವುದಿಲ್ಲ.

ದ್ರವರೂಪದ ವಿಷತ್ಯಾಜ್ಯವನ್ನು ಭೂಮಿಯೊಳಗೆ ಇಳಿಸಿ ಕೈತೊಳೆದುಕೊಳ್ಳುವ ಯೋಚನೆ ಗೇರು ತೋಟದಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ತೈಲ ಕಂಪನಿಗಳು 1930ರ ದಶಕದಲ್ಲೇ ಎಣ್ಣೆಯ ಜೊತೆ ಮೇಲೆ ಬರುವ ಉಪ್ಪುನೀರನ್ನು ಮತ್ತೆ ಪಾತಾಳಕ್ಕೆ ಇಳಿಸುತ್ತಿದ್ದವು. ರಾಸಾಯನಿಕ ಕಾರ್ಖಾನೆಗಳಿಗೆ ಅದು ಸುಲಭದ ದಾರಿಯಾಗಿ ಕಂಡಿತು. ಈ ಚರಿತ್ರೆಯ ಅತಿ ದೊಡ್ಡ ಪಾಠ ನಡೆದದ್ದು ಕೊಲೊರಾಡೊ ರಾಜ್ಯದ ಡೆನ್ವರ್ ನಗರದ ಹೊರವಲಯದಲ್ಲಿ, ರಾಕಿ ಮೌಂಟನ್ ಆರ್ಸೆನಲ್ ಎಂಬ ಸೇನಾ ಕಾರ್ಖಾನೆಯಲ್ಲಿ. ಎರಡನೇ ಮಹಾಯುದ್ಧದ ಕಾಲಕ್ಕೆ ರಾಸಾಯನಿಕ ಅಸ್ತ್ರ ಮಾಡಲು ಕಟ್ಟಿದ ಜಾಗ. ಯುದ್ಧ ಮುಗಿದ ಮೇಲೆ ಅದರ ಒಂದು ಭಾಗವನ್ನು ಕೀಟನಾಶಕ ಕಂಪನಿಗೆ ಬಾಡಿಗೆಗೆ ಕೊಟ್ಟರು, 1952ರಲ್ಲಿ ಅದು ಶೆಲ್ ಕಂಪನಿಯ ಪಾಲಾಯಿತು. ಅಲ್ಲಿ ತಯಾರಾಗುತ್ತಿದ್ದದ್ದು ಆಲ್ಡ್ರಿನ್, ಡೈಎಲ್ಡ್ರಿನ್, ಎಂಡ್ರಿನ್. ನಮ್ಮ ಗುಡ್ಡಗಳ ಎಂಡೋಸಲ್ಫಾನಿನ ದಾಯಾದಿಗಳು.

ಅಲ್ಲಿನ ತ್ಯಾಜ್ಯನೀರನ್ನು ಮೊದಲು ತೆರೆದ ಹೊಂಡಗಳಿಗೆ ಬಿಟ್ಟರು. ಹೊಂಡದ ತಳಕ್ಕೆ ಏನೂ ಹಾಸಿರಲಿಲ್ಲ. 1954ರಲ್ಲಿ ಸುತ್ತಲಿನ ರೈತರು ಬಾವಿನೀರು ಬಿಟ್ಟ ಬೆಳೆ ಸಾಯುತ್ತಿದೆ ಎಂದು ದೂರಿದರು. ಆಮೇಲೆ ಡಾಂಬರು ಹಾಸಿದ ದೊಡ್ಡ ಹೊಂಡ ಬಂತು, ಅದೂ ತುಂಬುತ್ತಾ ಬಂದಾಗ 1961ರಲ್ಲಿ 3,671 ಮೀಟರ್ ಆಳದ ಬಾವಿ ಕೊರೆದರು. ಮೇಲಿನ ಪದರಗಳಿಗೆ ಸೋರದ ಹಾಗೆ ಉಕ್ಕಿನ ಕೊಳವೆ ಇಳಿಸಿ, ತ್ಯಾಜ್ಯವನ್ನು ತಳದ ನೈಸ್ ಶಿಲೆಯೊಳಕ್ಕೆ ಒತ್ತಡದಿಂದ ತಳ್ಳುವ ಯೋಜನೆ. 1962ರ ಮಾರ್ಚಿನಲ್ಲಿ ಪಂಪು ಶುರುವಾಯಿತು.

ಏಪ್ರಿಲಿನಲ್ಲಿ ನೆಲ ನಡುಗಿತು.

ಎಷ್ಟೋ ದಶಕಗಳಿಂದ ಭೂಕಂಪವನ್ನೇ ಕಾಣದ ಊರು ಡೆನ್ವರ್. ಅಲ್ಲಿಂದ ಮೂರೂವರೆ ವರ್ಷದೊಳಗೆ ಏಳುನೂರಕ್ಕೂ ಹೆಚ್ಚು ಸಣ್ಣದೊಡ್ಡ ಕಂಪನಗಳು ದಾಖಲಾದವು. ಡೇವಿಡ್ ಇವಾನ್ಸ್ ಎಂಬ ಭೂವಿಜ್ಞಾನಿ ಯಾವ ತಿಂಗಳು ಎಷ್ಟು ತ್ಯಾಜ್ಯ ಇಳಿಸಿದರು, ಯಾವ ತಿಂಗಳು ಎಷ್ಟು ಸಲ ನೆಲ ನಡುಗಿತು ಎಂಬ ಎರಡು ಲೆಕ್ಕಗಳನ್ನು ಒಂದರ ಕೆಳಗೊಂದು ಇಟ್ಟು 1965ರ ನವೆಂಬರಿನಲ್ಲಿ ಜನರ ಮುಂದೆ ಬಿಚ್ಚಿದರು. ಪಂಪು ಜೋರಾದಾಗ ನಡುಕ ಜೋರು, ಪಂಪು ನಿಂತ ತಿಂಗಳುಗಳಲ್ಲಿ ನಡುಕ ಕಡಿಮೆ. 1966ರ ಫೆಬ್ರವರಿಯಲ್ಲಿ ಸೇನೆ ಪಂಪು ನಿಲ್ಲಿಸಿತು. ಅಷ್ಟರಲ್ಲಿ 62 ಕೋಟಿ ಲೀಟರಿಗೂ ಮಿಕ್ಕಿದ ತ್ಯಾಜ್ಯ ಪಾತಾಳ ಸೇರಿತ್ತು. ಅತಿ ದೊಡ್ಡ ಕಂಪನ, ಸುಮಾರು 5ರ ತೀವ್ರತೆಯದ್ದು, ಬಂದದ್ದು ಪಂಪು ನಿಂತು ಒಂದೂವರೆ ವರ್ಷದ ಮೇಲೆ, 1967ರ ಆಗಸ್ಟ್ 9ರಂದು. ಕೆಳಗೆ ತಳ್ಳಿದ್ದು ಅಲ್ಲೇ ಇರುತ್ತದೆ ಎಂದು ನಂಬಿದವರಿಗೆ, ಬಿರುಕುಗಳೊಳಗಿನ ಒತ್ತಡ ಇನ್ನೂ ಸರಿಯುತ್ತಲೇ ಇದೆ ಎಂದು ಭೂಮಿ ತೋರಿಸಿತು.

ಇವಾನ್ಸ್ ಅವರ ಕೈಗೆ ಲೆಕ್ಕ ಸಿಕ್ಕಿತ್ತು ಎಂಬುದು ಈ ಕತೆಯ ಗಟ್ಟಿ ಅಂಶ. ಸೇನೆ ತಪ್ಪು ಮಾಡಿತು, ಆದರೆ ತಿಂಗಳು ತಿಂಗಳ ಪುಸ್ತಕ ಬರೆದಿಟ್ಟಿತ್ತು. ಆ ಪುಸ್ತಕ ಇಲ್ಲದಿದ್ದರೆ ಡೆನ್ವರಿನ ನಡುಕಕ್ಕೆ ಕಾರಣ ಹೇಳುವವರು ಇರುತ್ತಿರಲಿಲ್ಲ. ಮುಂದೆ ಅಮೆರಿಕ 1974ರಲ್ಲಿ ಕುಡಿಯುವ ನೀರಿನ ಸುರಕ್ಷತೆಗೆ ಕಾಯಿದೆ ತಂದಿತು, 1980ರಲ್ಲಿ ಇಂಥ ಬಾವಿಗಳಿಗೆ ಬಿಗಿ ನಿಯಮ ಮಾಡಿತು. ವಿಷತ್ಯಾಜ್ಯದ ಬಾವಿ ಕುಡಿಯುವ ನೀರಿನ ಕೊನೆಯ ಪದರಕ್ಕಿಂತಲೂ ಕೆಳಗೆ ಹೋಗಬೇಕು. ನಡುವೆ ನೀರು ಬಿಡದ ದಪ್ಪ ಪದರ ಇರಬೇಕು. ಕೊಳವೆಯೊಳಗೆ ಕೊಳವೆ, ಎರಡರ ನಡುವಿನ ಒತ್ತಡದ ಮೇಲೆ ಸದಾ ಕಣ್ಣು. ಇಂಥ ಬಾವಿಗಳು ಹೆಚ್ಚಾಗಿ ಇರುವುದು ಟೆಕ್ಸಾಸ್, ಲೂಸಿಯಾನಾದ ಕಡಲಂಚಿನಲ್ಲಿ. ಅಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಮರಳುಗಲ್ಲು, ಜೇಡಿಗಲ್ಲಿನ ಪದರಗಳಿವೆ, ತಳದಲ್ಲಿ ಯಾರೂ ಕುಡಿಯದ ಉಪ್ಪುನೀರಿದೆ.

ಸುಳ್ಯ, ಪುತ್ತೂರಿನ ಸೀಮೆಯಲ್ಲಿ ಅದರಲ್ಲಿ ಒಂದೂ ಇಲ್ಲ. ಇಲ್ಲಿ ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿಮಣ್ಣು, ಅದರ ಕೆಳಗೆ ಕರಿಗಲ್ಲು. ಆ ಕರಿಗಲ್ಲು ಡೆನ್ವರಿನ ಬಾವಿಯ ತಳದಲ್ಲಿ ಇದ್ದಂಥದೇ ನೈಸ್ ಜಾತಿಯದ್ದು. ಅದರ ಮೈಯಲ್ಲಿ ನೀರಿಲ್ಲ, ನೀರಿರುವುದು ಬಿರುಕಿನಲ್ಲಿ. ಬೋರ್‌ವೆಲ್ ಕೊರೆಸಿದ ಪ್ರತಿ ಕೃಷಿಕನಿಗೂ ಇದು ಗೊತ್ತು. ಒಂದು ತೋಟದಲ್ಲಿ ಐನೂರು ಅಡಿ ಹೋದರೂ ಬರೀ ಹುಡಿ, ನೂರು ಗಜ ಆಚೆ ಬಿರುಕು ಸಿಕ್ಕಿ ನೀರು ಚಿಮ್ಮುತ್ತದೆ. ಯಾವ ಬಿರುಕು ಎಲ್ಲಿ ಹೊರಡುತ್ತದೆ, ಎಲ್ಲಿ ಮುಟ್ಟುತ್ತದೆ ಎಂದು ಮೇಲೆ ನಿಂತು ಹೇಳಲು ಬರುವುದಿಲ್ಲ. ಆ ಶಿಲೆ ಜಡವಾಗಿ ಕೂತಿದೆ ಎಂದುಕೊಳ್ಳುವಂತೆಯೂ ಇಲ್ಲ. 2022ರ ಜೂನ್ 25ರ ಬೆಳಿಗ್ಗೆ 2.3ರ ತೀವ್ರತೆಯಲ್ಲಿ, 28ರ ಬೆಳಿಗ್ಗೆ 3.0ರ ತೀವ್ರತೆಯಲ್ಲಿ ಕರಿಕೆ, ಚೆಂಬು ಕಡೆಯ ನೆಲ ಕಂಪಿಸಿ ಸಂಪಾಜೆ, ಅರಂತೋಡು, ಸುಳ್ಯದ ಮನೆಗಳಲ್ಲಿ ಪಾತ್ರೆಗಳು ಸದ್ದು ಮಾಡಿದ್ದು ಇಲ್ಲಿಯವರು ಮರೆತಿಲ್ಲ. ಅದು ತಾನಾಗಿ ಬಂದ ಕಂಪನ, ಯಾರೂ ಏನೂ ಇಳಿಸಿದ್ದಲ್ಲ. ಆದರೂ ಕೈಗಾರಿಕೆಯ ಕೊಳೆಯನ್ನು ಬೋರ್‌ವೆಲ್‌ಗೆ ತಳ್ಳಿದರಾಯಿತು ಎಂಬ ಮಾತು ಎಲ್ಲಾದರೂ ಕೇಳಿಬಂದರೆ ಈ ಊರುಗಳ ಜನ ಆ ಬೆಳಗನ್ನು ನೆನಪಿಸಿಕೊಳ್ಳಬೇಕು. ಪಂಜಾಬಿನ ಜೀರಾದಲ್ಲಿ ಅಂಥ ಆರೋಪದ ಮೇಲೆಯೇ ರೈತರು 2022ರಲ್ಲಿ ಎಥೆನಾಲ್ ಕಾರ್ಖಾನೆಯೊಂದರ ಎದುರು ತಿಂಗಳುಗಟ್ಟಲೆ ಧರಣಿ ಕೂತರು. 2023ರ ಜನವರಿಯಲ್ಲಿ ಅಲ್ಲಿನ ಸರಕಾರ ಕಾರ್ಖಾನೆ ಮುಚ್ಚುವುದಾಗಿ ಘೋಷಿಸಿತು.

ಮಿಂಚಿಪದವಿನ ಬಾವಿಯಾದರೋ ಕಲ್ಲಿನ ಆಳಕ್ಕೆ ಹೋದದ್ದಲ್ಲ. ಅದು ತೋಡಿದ ಬಾವಿ, ಮುರಕಲ್ಲಿನ ಬಾವಿ. ಅಂಥ ಬಾವಿಯ ಒಳಗೋಡೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಸ್ವಭಾವ ಗೊತ್ತು. ಕಲ್ಲಿನ ತುಂಬ ಬೆರಳು ತೂರುವಷ್ಟು ತೂತುಗಳು. ಬೇಸಗೆಯಲ್ಲಿ ಒಣಗಿ ಕೆಂಪಗೆ ಕಾಣುವ ಆ ಗೋಡೆಯಿಂದ ಜೂನ್ ಕಳೆದು ಜುಲೈ ಬರುವಾಗ ಹತ್ತು ಕಡೆ ನೀರು ಧಾರೆಯಾಗಿ ಒಳಗೆ ಬೀಳುತ್ತದೆ. ಮಳೆ ನಿಂತ ಮೇಲೆ ಅದೇ ನೀರು ಶೇಡಿಮಣ್ಣಿನ ಮೇಲೆ ಜಾರಿ ಇಳಿಜಾರಿನ ಕಡೆ ಮೆಲ್ಲಗೆ ಹೊರಡುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ. ಪದವಿನ ತಲೆಯಲ್ಲಿ ಇಂಗಿದ ನೀರು ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ.

ಇದಕ್ಕೆ ಸಾಕ್ಷಿ ಬೇಕಾದರೆ ಸುರಂಗಗಳಿವೆ. ಕಾಸರಗೋಡಿನ ಬಾಯಾರು, ಪಡ್ರೆ, ಬಂಟ್ವಾಳ ತಾಲೂಕಿನ ಮಾಣಿಲ ಕಡೆಗಳಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಅಗಲಕ್ಕೆ ಕೊರೆದು ನೀರು ತರುವ ವಿದ್ಯೆ ಅದು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರಿನ ಬಲದಲ್ಲೇ ನೀರು ಮನೆಬಾಗಿಲಿಗೆ ಬರುತ್ತದೆ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬರಡು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆಯುತ್ತಾ, ನೀರು ಸಿಗದಾಗ ಮತ್ತೊಂದು ಕೊರೆಯುತ್ತಾ, ಕೊನೆಗೆ ನೀರು ತಂದು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪಕ್ಕದ ಗುಡ್ಡದೊಳಗೆ ನೀರು ಹೇಗೆ ಅಡ್ಡಡ್ಡ ನಡೆಯುತ್ತದೆ ಎಂಬ ತಿಳಿವಳಿಕೆಯೇ ಈ ಸೀಮೆಯ ಕೃಷಿಯ ಬುನಾದಿ. ಅಂಥ ಗುಡ್ಡದ ತಲೆಗೆ ವಿಷ ಸುರಿಯುವುದು, ಊಟಕ್ಕೆ ಕೂತ ಪಂಕ್ತಿಯ ಎಲ್ಲರಿಗೂ ಬಡಿಸುವ ಹಂಡೆಗೆ ಸುರಿದ ಹಾಗೆ.

ಎಂಡೋಸಲ್ಫಾನಿನ ಗುಣವನ್ನೂ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಅದು ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ, ಲೀಟರಿಗೆ ಹೆಚ್ಚೆಂದರೆ ಸುಮಾರು 0.3 ಮಿಲಿಗ್ರಾಂ. ಮಣ್ಣಿಗೆ, ಕೆಸರಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಇದನ್ನೇ ಹಿಡಿದು, ಬಾವಿಯ ವಿಷ ಬಾವಿಯಲ್ಲೇ ಇರುತ್ತದೆ ಎಂದು ವಾದಿಸುವವರಿದ್ದಾರೆ. ಆ ವಾದದಲ್ಲಿ ಎರಡು ತೂತುಗಳಿವೆ. ಒಂದು, 0.3 ಮಿಲಿಗ್ರಾಂ ಸಣ್ಣದಲ್ಲ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ, ಅಂದರೆ ಅದರ ನೂರನೇ ಒಂದು ಭಾಗದಷ್ಟಿದ್ದರೂ ಹಲವು ಜಾತಿಯ ಮೀನು ಸಾಯುತ್ತದೆ. ಅರಂತೋಡಿನ ಪಕ್ಕದ ತೊಡಿಕಾನದ ಮತ್ಸ್ಯತೀರ್ಥದಲ್ಲಿ ದೇವರ ಮೀನುಗಳಿಗೆ ಅಕ್ಕಿ ಹಾಕುವ ಜನರಿಗೆ ಈ ಲೆಕ್ಕದ ಅರ್ಥ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ಎರಡು, ಮಣ್ಣಿನಲ್ಲಿ ಅದು ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಆ ರೂಪವೂ ವಿಷವೇ, ಮೊದಲಿನದಕ್ಕಿಂತ ಹೆಚ್ಚು ಬಾಳಿಕೆಯದ್ದು. ಎರಡೂ ಸೇರಿ ಅರ್ಧಕ್ಕೆ ಇಳಿಯಲು 9 ತಿಂಗಳಿಂದ 6 ವರ್ಷ ಬೇಕು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜು. ಅದೂ ಗಾಳಿ, ಬೆಳಕು, ಸೂಕ್ಷ್ಮಜೀವಿಗಳಿರುವ ಹೊಲದ ಮಣ್ಣಿನ ಲೆಕ್ಕ. ಬಾವಿಯ ತಳದಲ್ಲಿ ಡ್ರಮ್ಮಿನ ಸಮೇತ ಹೂತದ್ದಾದರೆ ಲೆಕ್ಕ ಶುರುವಾಗುವುದೇ ಡ್ರಮ್ಮು ತುಕ್ಕು ತಿಂದು ಒಡೆದ ದಿನದಿಂದ. ಬರೀ ದ್ರವ ಸುರಿದದ್ದಾದರೆ ಅದು ತಳದ ಕೆಸರಿಗೆ ಅಂಟಿ, ಪ್ರತಿ ಮಳೆಗಾಲದ ಕಲಕುವಿಕೆಯಲ್ಲಿ ಕಣಗಳ ಜೊತೆ ಸ್ವಲ್ಪ ಸ್ವಲ್ಪವೇ ಹೊರಡುತ್ತದೆ.

ಉಳಿದ ಮದ್ದನ್ನು ಏನು ಮಾಡಬೇಕು ಎಂಬುದಕ್ಕೆ ಕಾನೂನು ಇರಲಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. 1971ರ ಕೀಟನಾಶಕ ನಿಯಮಾವಳಿಯ 44ನೇ ನಿಯಮ, ಉಳಿದ ಕೀಟನಾಶಕವನ್ನೂ ತೊಳೆದ ನೀರನ್ನೂ ಪರಿಸರ ಮತ್ತು ನೀರು ಕೆಡದ ಹಾಗೆ ವಿಲೇವಾರಿ ಮಾಡಬೇಕು ಎನ್ನುತ್ತದೆ. ಖಾಲಿ ಡಬ್ಬಗಳನ್ನು ಒಡೆದು ಜನವಸತಿಯಿಂದ ದೂರ ಹೂಳಬೇಕು ಎನ್ನುವುದೂ ಅದೇ ನಿಯಮ. ಡಬ್ಬ ಹೂಳಲು ಕೊಟ್ಟ ಅನುಮತಿಯನ್ನು ಮದ್ದು ಹೂಳಲೂ ಹಿಡಿಸಿಬಿಡುವುದು ಎಷ್ಟು ಸುಲಭ ಎಂಬುದು ಓದಿದವರಿಗೆ ಹೊಳೆಯುತ್ತದೆ. ಆದರೆ 1974ರ ಜಲ ಕಾಯಿದೆಯ 24ನೇ ಕಲಂ ಅಂಥ ಸಂದೇಹಕ್ಕೆ ಎಡೆಯನ್ನೇ ಬಿಟ್ಟಿಲ್ಲ. ತಿಳಿದು ತಿಳಿದು ವಿಷವಸ್ತುವನ್ನು ಹೊಳೆಗೆ ಅಥವಾ ಬಾವಿಗೆ ಬಿಡುವಂತಿಲ್ಲ. ಬಾವಿ ಎಂದು ಹೆಸರು ಹಿಡಿದೇ ಹೇಳಿದ ಕಾನೂನು ಅದು. ಹೆಲಿಕಾಪ್ಟರ್ ನಿಂತಾಗ ಅದಕ್ಕೆ ಇಪ್ಪತ್ತಾರು ವರ್ಷ ತುಂಬಿತ್ತು. ಇನ್ನು, ಕೆಡಿಸಿದವನೇ ಸರಿಪಡಿಸುವ ಖರ್ಚು ಹೊರಬೇಕು ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 1996ರ ಫೆಬ್ರವರಿಯಲ್ಲೇ ಹೇಳಿಯಾಗಿತ್ತು, ರಾಜಸ್ಥಾನದ ಬಿಚ್ಛಡಿ ಊರಿನ ಮೊಕದ್ದಮೆಯಲ್ಲಿ. ಅಲ್ಲಿ ರಾಸಾಯನಿಕ ಕಾರ್ಖಾನೆಗಳ ಕೆಸರು ಬಯಲಲ್ಲಿ ರಾಶಿ ಬಿದ್ದು, ಮಳೆಗೆ ಇಂಗಿ, ಸುತ್ತಲಿನ ಬಾವಿಗಳ ನೀರಿನ ಬಣ್ಣವೇ ಬದಲಾಗಿತ್ತು.

ಹಾಗಾದರೆ ಸರಿಯಾದ ದಾರಿ ಯಾವುದು? ಕ್ಲೋರಿನ್ ತುಂಬಿದ ಇಂಥ ವಿಷವನ್ನು ಸುಡಬೇಕು, ಸೌದೆ ಒಲೆಯಲ್ಲಲ್ಲ, 1,100 ಡಿಗ್ರಿಗೂ ಮೇಲಿನ ಶಾಖದಲ್ಲಿ, ಹೊಗೆ ಕನಿಷ್ಠ ಎರಡು ಸೆಕೆಂಡ್ ಆ ಶಾಖದಲ್ಲಿ ನಿಲ್ಲುವ ಹಾಗೆ ಕಟ್ಟಿದ ಗೂಡಿನಲ್ಲಿ. ಅದಕ್ಕಿಂತ ಕಡಿಮೆ ಶಾಖದಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ಇನ್ನೂ ಕೆಟ್ಟ ವಿಷ ಹುಟ್ಟುತ್ತದೆ. ಅಂಥ ಸೌಕರ್ಯ ಕಾಸರಗೋಡಿನಲ್ಲೂ ಇರಲಿಲ್ಲ, ದಕ್ಷಿಣ ಕನ್ನಡದಲ್ಲೂ ಇರಲಿಲ್ಲ. ಜಿಲ್ಲೆಯೊಳಗೇ ನಾಶಪಡಿಸುವ ಮಾತು ಎದ್ದಾಗಲೆಲ್ಲ ಜನ ವಿರೋಧಿಸಿದರು. ಇಪ್ಪತ್ತು ವರ್ಷ ಆಕಾಶದಿಂದ ಮದ್ದು ಬೀಳಿಸಿಕೊಂಡವರು, ಇನ್ನು ಸುರಕ್ಷಿತವಾಗಿ ಮಾಡುತ್ತೇವೆ ಎಂಬ ಅಧಿಕಾರಿಯ ಮಾತನ್ನು ಹೇಗೆ ನಂಬಬೇಕು? ಆ ಅಪನಂಬಿಕೆಯನ್ನು ಅಜ್ಞಾನ ಎಂದು ಕರೆಯುವುದು ಅನ್ಯಾಯ.

ಮಿಂಚಿಪದವಿನ ವಿಷಯವನ್ನು ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಒಯ್ದವರು ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗ್. ಕರ್ನಾಟಕದ ಎಂಡೋಪೀಡಿತರಿಗೆ ಮಾಸಾಶನ ಸಿಗುವ ಹಾಗೆ ಹೈಕೋರ್ಟಿನವರೆಗೆ ಹೋರಾಡಿದವರೂ ಅವರೇ. ಬಾವಿ ಇರುವುದು ಕೇರಳದಲ್ಲಿ, ಇಳಿಜಾರಿನ ಒಂದು ಮಗ್ಗುಲು ಕರ್ನಾಟಕಕ್ಕೆ. ಎರಡು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗಳು ತಮ್ಮ ತಮ್ಮ ಗಡಿಕಲ್ಲಿನವರೆಗೆ ಮಾತ್ರ ನೋಡುತ್ತವೆ. ಹೀಗಾಗಿಯೇ ಕೇಂದ್ರದ ಮಂಡಳಿ ಬರಬೇಕಾಯಿತು. 2023ರ ಡಿಸೆಂಬರ್ ಕೊನೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಂಡ ಮಿಂಚಿಪದವಿಗೆ ಬಂದು ಜಾಗ ಪರಿಶೀಲಿಸಿತು. ಹೂತರು ಎನ್ನಲಾದ ಕಾಲದಿಂದ ಆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಮಳೆಗಾಲಗಳು ಆ ಗುಡ್ಡದ ಮೂಲಕ ಹಾದು ಹೋಗಿದ್ದವು.

ಇಂಥ ತಪಾಸಣೆಯಲ್ಲಿ ಯಾವ ನೀರನ್ನು ಯಾವಾಗ ತೆಗೆದರು ಎಂಬುದೇ ಅರ್ಧ ಉತ್ತರವನ್ನು ನಿರ್ಧರಿಸುತ್ತದೆ. ನೀರಿನಲ್ಲಿ ಅಷ್ಟಾಗಿ ಕರಗದ ವಿಷವನ್ನು ಬರೀ ತಿಳಿನೀರಿನಲ್ಲಿ ಹುಡುಕಿದರೆ ಸಿಗದೇ ಹೋಗಬಹುದು. ತಳದ ಕೆಸರನ್ನು ಎತ್ತಬೇಕು. ಎಂಡೋಸಲ್ಫಾನನ್ನು ಮಾತ್ರವಲ್ಲ, ಅದರ ಸಲ್ಫೇಟ್ ರೂಪವನ್ನೂ ಅಳೆಯಬೇಕು. ಏಪ್ರಿಲಿನಲ್ಲಿ ಒರತೆ ಬತ್ತುವಾಗ ಒಮ್ಮೆ, ಆಗಸ್ಟಿನಲ್ಲಿ ಗುಡ್ಡ ತುಂಬಿ ಹರಿಯುವಾಗ ಇನ್ನೊಮ್ಮೆ ಮಾದರಿ ತೆಗೆಯಬೇಕು. ಬಾವಿಯ ಸುತ್ತ, ಇಳಿಜಾರಿನ ಎರಡೂ ಮಗ್ಗುಲಿಗೆ, ನೀರು ನೋಡುವುದಕ್ಕೆಂದೇ ಸಣ್ಣ ಕೊಳವೆಬಾವಿಗಳನ್ನು ಕೊರೆದು ವರ್ಷಗಟ್ಟಲೆ ಗಮನಿಸಬೇಕು. ಗುಡ್ಡದ ಬುಡದ ತೋಟದವರಿಗೆ ತಮ್ಮ ಒರತೆ ಎಲ್ಲಿಂದ ಬರುತ್ತದೆ ಎಂಬುದು ಯಾವ ನಕ್ಷೆಗಿಂತಲೂ ಚೆನ್ನಾಗಿ ಗೊತ್ತಿರುತ್ತದೆ, ಅವರನ್ನು ಜೊತೆಗೆ ಕರೆದುಕೊಳ್ಳಬೇಕು. ಇನ್ನೊಂದು ಕೆಲಸಕ್ಕೆ ಪ್ರಯೋಗಾಲಯವೇ ಬೇಡ. 1978ರಿಂದ 2000ದ ವರೆಗೆ ಎಷ್ಟು ಲೀಟರ್ ಎಂಡೋಸಲ್ಫಾನ್ ಕೊಂಡರು, ಎಷ್ಟು ಬಿಟ್ಟರು, ಎಷ್ಟು ಗೋದಾಮಿನಲ್ಲಿ ಉಳಿಯಿತು ಎಂಬ ದಾಸ್ತಾನು ಪುಸ್ತಕಗಳು ಸರಕಾರಿ ನಿಗಮದ ಆಸ್ತಿ. ಕೊಂಡದ್ದರಲ್ಲಿ ಬಿಟ್ಟದ್ದನ್ನೂ ಪೆರಿಯ, ರಾಜಪುರ, ಚೀಮೇನಿಗಳಲ್ಲಿ ಸಿಕ್ಕಿದ್ದನ್ನೂ ಕಳೆದರೆ ಉಳಿಯುವ ಅಂಕಿಯೇ ಬಾವಿಯ ಬಗ್ಗೆ ಮೊದಲ ಸಾಕ್ಷಿ. ನೆಟ್ಟಣಿಗೆ ಮುಡ್ನೂರಿನ ಪಂಚಾಯತ್ ಸದಸ್ಯರೂ ಆ ಪುಸ್ತಕಗಳ ನಕಲನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಬೆಳ್ಳೂರಿನ ಕೃಷಿಕನೂ ಕೇಳಬಹುದು.